ಕೊಂಡಿಯ ಬಣ್ಣ ಯಾರ ಕೈಯಲ್ಲಿದೆ?

(ನಮ್ಮ ಸಂಘದ ಆಶ್ರಯದಲ್ಲಿ ಮುಂಬಯಿಯಲ್ಲಿ ನಡೆದ ಭಾನುವಾರದ ಕಂಪ್ಯೂಟರ್ ತರಗತಿಯ ಸಮಾರೋಪದಂದು ಮಾಡಿದ ಭಾಷಣ. ಆ ದಿನ ಪಾಳಿಯಿದ್ದುದರಿಂದ ಬರಲಾಗದ ಸದಸ್ಯರ ಕೋರಿಕೆಯ ಮೇರೆಗೆ ಇಲ್ಲಿ ಪ್ರಕಟಿಸಿದೆ.)



ಇಂದು ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾನು ವಿಷಯವನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟೆ. 'ಕಂಪ್ಯೂಟರಿನಲ್ಲಿ ಬರೆದ ಪತ್ರದಲ್ಲಿ ಕೊಂಡಿಯ ಬಣ್ಣವನ್ನು ಹತೋಟಿಯಲ್ಲಿಡುವುದು ಹೇಗೆ?' ಅವರು ಓದಿ ನಕ್ಕರು. "ಇದೇನು ಸ್ವಾಮಿ, ಜನ ಸಂಬಳ, ಬೋನಸ್ಸು, ಮನೆ ಎಂದು ಒದ್ದಾಡುತ್ತಿರುವಾಗ ನೀವು ಅಕ್ಷರದ ಬಣ್ಣದ ಮಾತು ತೆಗೆದಿರಲ್ಲ?" ಎಂದರು. ಅವರ ಮಾತು ನ್ಯಾಯವಾದದ್ದೇ. ಆದರೆ ಭಾಷಣ ಮುಗಿಯುವ ಹೊತ್ತಿಗೆ ಇದು ಸಂಬಳದ ಮಾತೂ ಹೌದು, ಮನೆಯ ಮಾತೂ ಹೌದು ಎಂದು ನಿಮಗೆ ತೋರಿದರೆ ನನ್ನ ಶ್ರಮ ಸಾರ್ಥಕ. ತೋರದಿದ್ದರೂ ನಷ್ಟವಿಲ್ಲ, ಹೊರಗೆ ಚಹಾ ಸಿದ್ಧವಾಗಿದೆ.

ಮೊದಲು ಕೊಂಡಿ ಎಂದರೇನೆಂದು ಹೇಳಿಬಿಡುತ್ತೇನೆ. ಕಂಪ್ಯೂಟರಿನಲ್ಲಿ ಬರೆದ ಪತ್ರದಲ್ಲಿ ಕೆಲವು ಅಕ್ಷರಗಳು ನೀಲಿ ಬಣ್ಣದಲ್ಲಿ, ಕೆಳಗೊಂದು ಗೆರೆಯೊಡನೆ ಕಾಣುತ್ತವೆ. ಅವನ್ನು ಒತ್ತಿದರೆ ಇನ್ನೆಲ್ಲಿಯೋ ಇರುವ ಪುಟವೊಂದು ತೆರೆದುಕೊಳ್ಳುತ್ತದೆ. ನೀವೆಲ್ಲ ಲಿಂಕು ಎನ್ನುತ್ತೀರಿ. ಅದರ ಪೂರ್ತಿ ಹೆಸರು ಹೈಪರ್‌ಲಿಂಕ್. ಕನ್ನಡದಲ್ಲಿ ಕೊಂಡಿ ಎಂದರೆ ಸೊಗಸಾಗಿಯೇ ಒಪ್ಪುತ್ತದೆ. ಪ್ರತಿಯೊಂದು ಕೊಂಡಿಯಲ್ಲಿಯೂ ಎರಡು ಭಾಗಗಳಿವೆ ಎಂಬುದನ್ನು ಮಾತ್ರ ಈಗಲೇ ಗಂಟುಹಾಕಿಕೊಳ್ಳಿರಿ. ಕಣ್ಣಿಗೆ ಕಾಣುವ ಅಕ್ಷರ ಒಂದು, ಅದರ ಒಳಗೆ ಅಡಗಿರುವ ವಿಳಾಸ ಇನ್ನೊಂದು. ಹೋಟೆಲಿನ ಹಲಗೆಯ ಮೇಲೆ 'ಮಸಾಲೆ ದೋಸೆ' ಎಂದು ಬರೆದಿರುವುದು ಒಂದು, ಅಡಿಗೆಮನೆಯಿಂದ ತಟ್ಟೆಯಲ್ಲಿ ಬರುವುದು ಇನ್ನೊಂದು. ಒಳ್ಳೆಯ ಹೋಟೆಲಿನಲ್ಲಿ ಎರಡೂ ಒಂದೇ ಆಗಿರುತ್ತವೆ. ಆದರೆ ಒಂದೇ ಆಗಿರಬೇಕೆಂದು ಹಲಗೆಯ ಮೇಲೆ ಬರೆಯುವ ಸೀಮೆಸುಣ್ಣಕ್ಕೆ ಕಟ್ಟುಪಾಡೇನೂ ಇಲ್ಲ.

ನೀಲಿ ಬಂದ ದಾರಿ

ಹೀಗೆ ಒಂದು ಬರಹದಿಂದ ಇನ್ನೊಂದು ಬರಹಕ್ಕೆ ದಾರಿ ಮಾಡುವ ವಿಧಾನಕ್ಕೆ 'ಹೈಪರ್‌ಟೆಕ್ಸ್ಟ್' ಎಂಬ ಹೆಸರನ್ನು ಟೆಡ್ ನೆಲ್ಸನ್ ಎಂಬ ಅಮೆರಿಕನ್ನರು 1965ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಬಳಸಿದರು. ಆಗ ಬಣ್ಣದ ಪ್ರಶ್ನೆಯೇ ಇರಲಿಲ್ಲ. 1980ರ ದಶಕದಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬೆನ್ ಶ್ನೈಡರ್‌ಮನ್ ಮತ್ತು ಅವರ ವಿದ್ಯಾರ್ಥಿಗಳು ಇಂಥದೊಂದು ಏರ್ಪಾಟನ್ನು ಕಟ್ಟಿ, ಕೊಂಡಿಗೆ ಯಾವ ಬಣ್ಣ ಒಳ್ಳೆಯದೆಂದು ಪರೀಕ್ಷಿಸಿ ನೋಡಿದರು. ಕೆಂಪು ಬಣ್ಣ ಥಟ್ಟನೆ ಕಣ್ಣಿಗೆ ಬೀಳುತ್ತಿತ್ತು; ಆದರೆ ಓದುವವನಿಗೆ ಸುತ್ತಲಿನ ಮಾತು ಮನಸ್ಸಿಗೆ ಹತ್ತುವುದು ಕಡಿಮೆಯಾಗುತ್ತಿತ್ತು. ನೀಲಿ ಹಾಗಲ್ಲ, ಕಾಣುತ್ತದೆ, ಕಾಡುವುದಿಲ್ಲ. ಅವರು ತಿಳಿನೀಲಿಯನ್ನು ಆರಿಸಿಕೊಂಡರು.

ಜಿನೀವಾ ನಗರದ ಬಳಿಯ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ಇಂದಿನ ಜಾಲಕ್ಕೆ ಬುನಾದಿ ಹಾಕಿದರು. ಅವರು ಮೊದಲು ಕೆಲಸ ಮಾಡಿದ ಕಂಪ್ಯೂಟರಿನ ತೆರೆ ಕಪ್ಪು, ಬಿಳುಪು, ಬೂದಿ ಇಷ್ಟನ್ನೇ ತೋರಿಸುತ್ತಿತ್ತು. ಅಲ್ಲಿ ಅಡಿಗೆರೆಯೇ ಕೊಂಡಿಯ ಗುರುತು. 1993ರ ಏಪ್ರಿಲ್‌ನಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರ 'ಮೊಸಾಯಿಕ್' ಎಂಬ ವೀಕ್ಷಣೆಯ ತಂತ್ರಾಂಶವು, ಇನ್ನೂ ಒತ್ತದ ಕೊಂಡಿಗೆ ನೀಲಿ, ಒಮ್ಮೆ ಒತ್ತಿ ನೋಡಿದ ಕೊಂಡಿಗೆ ನೇರಳೆ ಎಂಬ ಪದ್ಧತಿಯನ್ನಿಟ್ಟಿತು. ಮೊಸಾಯಿಕ್ ಜನಪ್ರಿಯವಾಯಿತು, ಅದರೊಡನೆ ನೀಲಿಯೂ ಹರಡಿತು. ಪತ್ರ ಬರೆಯುವ ತಂತ್ರಾಂಶಗಳೂ ಆ ರೂಢಿಯನ್ನೇ ಹಿಡಿದವು. ವರ್ಡ್ 97ರ ಹೊತ್ತಿಗೆ ನಾವು ಬರೆಯುವ ಸಾಮಾನ್ಯ ಪತ್ರದೊಳಗೂ ನೀಲಿ ಕೊಂಡಿ ಬಂದು ಕುಳಿತಿತ್ತು.

ಇಷ್ಟು ಹೇಳಿದ್ದೇಕೆಂದರೆ, ನೀಲಿ ಬಣ್ಣ ಯಾವ ಸರಕಾರವೂ ಮಾಡಿದ ಕಾಯಿದೆಯಲ್ಲ, ಯಾವ ಕಚೇರಿಯ ಮೊಹರೂ ಅಲ್ಲ. ಅದೊಂದು ರೂಢಿ. ಆ ರೂಢಿಯೂ ಒಂದೇ ಸಮನಾಗಿ ಉಳಿದಿಲ್ಲ. 2007ರ ವರ್ಡಿನಲ್ಲಿ ಕೊಂಡಿ ಅಪ್ಪಟ ನೀಲಿ. 2013ರಲ್ಲಿ ತುಸು ಮಾಗಿದ ನೀಲಿ. 2023ರಲ್ಲಿ ಬಂದ ಹೊಸ ಥೀಮಿನಲ್ಲಿ ಬೂದಿ ಬೆರೆತ ಹಸುರುನೀಲಿ. "ನನ್ನ ಕಂಪ್ಯೂಟರಿನಲ್ಲಿ ಕೊಂಡಿಯ ಬಣ್ಣ ಕೆಟ್ಟಿದೆ" ಎಂದು ತರಗತಿಯಲ್ಲಿ ದೂರು ಹೇಳಿದವರಿದ್ದರು. ಕೆಟ್ಟದ್ದು ಏನೂ ಇಲ್ಲ; ಗಿರಣಿಯವರು ಬಣ್ಣದ ನಮೂನೆ ಬದಲಿಸಿದ್ದಾರೆ, ಅಷ್ಟೆ.

ಕಾಗದದ ಮೇಲಿನ ಕೊಂಡಿ

ಈ ಬಣ್ಣವನ್ನು ನಾವೇಕೆ ಬದಲಿಸಬೇಕು? ನಮ್ಮದೇ ವರದಿಯ ಕಥೆ ಹೇಳುತ್ತೇನೆ. ಒಂದು ವರ್ಷ ಸಂಘದ ವಾರ್ಷಿಕ ವರದಿಯನ್ನು ನಾವೇ ಕಂಪ್ಯೂಟರಿನಲ್ಲಿ ಬರೆದು ಅಚ್ಚಿಗೆ ಕೊಟ್ಟೆವು. ಮಕ್ಕಳ ವಿದ್ಯಾರ್ಥಿವೇತನಕ್ಕೆ ಎಲ್ಲಿ ಅರ್ಜಿ ಹಾಕಬೇಕು ಎಂಬ ಪಟ್ಟಿ ಅದರಲ್ಲಿತ್ತು. ತೆರೆಯ ಮೇಲೆ ತಿಳಿನೀಲಿಯಲ್ಲಿ ಚೆಂದವಾಗಿಯೇ ಕಾಣುತ್ತಿತ್ತು. ಖರ್ಚು ಉಳಿಸಲೆಂದು ಕಪ್ಪು ಮಸಿಯಲ್ಲಿ ಅಚ್ಚು ಮಾಡಿಸಿದೆವು. ಕಪ್ಪು ಮಸಿಯ ಯಂತ್ರಕ್ಕೆ ನೀಲಿ ಗೊತ್ತಿಲ್ಲ. ಅದು ನೀಲಿಯನ್ನು ಬೂದಿಯ ಚುಕ್ಕೆಗಳಾಗಿ ಒಡೆಯುತ್ತದೆ. ಮುಖ್ಯವಾದ ಸಾಲುಗಳೇ ಎಲ್ಲಕ್ಕಿಂತ ಮಸುಕಾಗಿ ಬಂದವು. ಸಾಲದ್ದಕ್ಕೆ ಎರಡು ಕಡೆ ವಿಳಾಸವನ್ನೇ ಬರೆಯದೆ 'ಇಲ್ಲಿ ಒತ್ತಿರಿ' ಎಂದು ಬಿಟ್ಟಿದ್ದೆವು. ಹಿರಿಯ ಸದಸ್ಯರೊಬ್ಬರು ಕಾಗದದ ಮೇಲೆ ಬೆರಳನ್ನು ಗಟ್ಟಿಯಾಗಿ ಒತ್ತಿ, "ಏನೂ ತೆರೆಯಲಿಲ್ಲವಲ್ಲ ಮಾರಾಯಾ!" ಎಂದರು. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಆ ವರ್ಷ ಅರ್ಜಿ ಹಾಕಲಾಗದೆ ಉಳಿದ ಮಕ್ಕಳ ಮನೆಯಲ್ಲಿ ಯಾರೂ ನಕ್ಕಿರಲಾರರು.

ಆದುದರಿಂದ ಅಚ್ಚಿಗೆ ಹೋಗುವ ಬರಹದಲ್ಲಿ ಕೊಂಡಿಯ ಬಣ್ಣವನ್ನು ಕಪ್ಪಾಗಿಸಬೇಕು, ವಿಳಾಸವನ್ನು ಪೂರ್ತಿಯಾಗಿ ಅಕ್ಷರದಲ್ಲಿ ಕಾಣಿಸಬೇಕು. ತೆರೆಯ ಮೇಲೆ ಓದುವ ಬರಹಕ್ಕಾದರೆ ಬಣ್ಣವಿರಲಿ, ಆದರೆ ಸಾಕಷ್ಟು ಗಾಢವಾಗಿರಲಿ. ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನಲ್ಲಿ ಎಷ್ಟು ಅಂತರವಿರಬೇಕೆಂದು ಜಾಲದ ಜಗತ್ತಿನಲ್ಲಿ ಒಂದು ಅಳತೆಯನ್ನು ಗೊತ್ತುಮಾಡಿದ್ದಾರೆ: ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1. ಬಿಳಿಯ ಮೇಲೆ ಅಪ್ಪಟ ನೀಲಿ ಸುಮಾರು 8.6ಕ್ಕೆ 1 ಬರುತ್ತದೆ. ಯಾವ ಚಿಂತೆಯೂ ಇಲ್ಲ. ಅದೇ ನೀಲಿಯನ್ನು ಕಪ್ಪು ತೆರೆಯ ಮೇಲಿಟ್ಟರೆ 2.4ಕ್ಕೆ 1ರಷ್ಟಕ್ಕೆ ಇಳಿಯುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದು ಫೋನಿನ ತೆರೆಯನ್ನು ಕಪ್ಪಾಗಿಸಿಕೊಂಡು ಓದುವವನ ಕಣ್ಣಿಗೆ ಅದು ಶಿಕ್ಷೆ. ಇನ್ನು ಬಿಳಿಯ ಮೇಲೆ ಹಳದಿಯಂತೂ ಕಾಣುವುದೇ ಇಲ್ಲ.

ಹಂಡೆಗೆ ಉಪ್ಪು, ತಟ್ಟೆಗಲ್ಲ

ಈಗ ವಿಧಾನಕ್ಕೆ ಬರೋಣ. ಹೊಸದಾಗಿ ಕಲಿತವರು ಮಾಡುವುದು ಹೀಗೆ: ಒಂದೊಂದೇ ಕೊಂಡಿಯನ್ನು ಆರಿಸಿ ಅಕ್ಷರದ ಬಣ್ಣ ಬದಲಿಸುತ್ತಾರೆ. ಪತ್ರದಲ್ಲಿ ಎರಡು ಕೊಂಡಿಗಳಿದ್ದರೆ ಅಡ್ಡಿಯಿಲ್ಲ. ಅರವತ್ತಿದ್ದರೆ? ಸಾಂಬಾರಿಗೆ ಉಪ್ಪು ಕಡಿಮೆಯಾಯಿತೆಂದು ಭಟ್ಟರು ಪ್ರತಿಯೊಬ್ಬ ಗಿರಾಕಿಯ ತಟ್ಟೆಗೂ ಉಪ್ಪು ಹಾಕುತ್ತ ತಿರುಗುತ್ತಾರೆಯೇ? ಹಂಡೆಗೇ ಹಾಕುತ್ತಾರೆ. ವರ್ಡಿನಲ್ಲಿಯೂ ಅಂತಹ ಹಂಡೆ ಇದೆ. ಅದರ ಹೆಸರು ಸ್ಟೈಲ್, ಎಂದರೆ ಶೈಲಿ. ಕೊಂಡಿಗಳಿಗೆಂದೇ ಎರಡು ಶೈಲಿಗಳಿವೆ. 'ಹೈಪರ್‌ಲಿಂಕ್' ಎಂಬುದು ಇನ್ನೂ ಒತ್ತದ ಕೊಂಡಿಗೆ, 'ಫಾಲೋಡ್ ಹೈಪರ್‌ಲಿಂಕ್' ಎಂಬುದು ಒತ್ತಿದ ಕೊಂಡಿಗೆ.

ಮೊದಲು ಪತ್ರದಲ್ಲಿ ಕೊನೆಯಪಕ್ಷ ಒಂದು ಕೊಂಡಿಯಾದರೂ ಇರಲಿ. ಇಲ್ಲದಿದ್ದರೆ ಈ ಹೆಸರುಗಳು ಪಟ್ಟಿಯಲ್ಲಿ ಕಾಣದೆ ಹೋಗಬಹುದು. ಆಮೇಲೆ 'ಹೋಮ್' ಪಟ್ಟಿಯಲ್ಲಿ 'ಸ್ಟೈಲ್ಸ್' ಎಂಬ ಚೌಕದ ಬಲತುದಿಯ ಕೆಳಮೂಲೆಯಲ್ಲಿರುವ ಚಿಕ್ಕ ಬಾಣವನ್ನು ಒತ್ತಿರಿ. ಶೈಲಿಗಳ ಪಟ್ಟಿ ತೆರೆಯುತ್ತದೆ. ಅದರಲ್ಲಿ 'ಹೈಪರ್‌ಲಿಂಕ್' ಎಂಬುದರ ಪಕ್ಕದ ಬಾಣವನ್ನೊತ್ತಿ 'ಮಾಡಿಫೈ' ಎಂಬುದನ್ನು ಆರಿಸಿರಿ. ಅಲ್ಲಿ ಬಣ್ಣ, ಅಡಿಗೆರೆ, ದಪ್ಪ ಅಕ್ಷರ ಎಲ್ಲವೂ ನಿಮ್ಮ ಕೈಗೆ ಸಿಗುತ್ತವೆ. ಬದಲಿಸಿ ಓಕೆ ಒತ್ತಿದರೆ ಆ ಶೈಲಿಯ ಕೊಂಡಿಗಳೆಲ್ಲ ಒಂದೇ ಸಲಕ್ಕೆ ಬಣ್ಣ ಬದಲಿಸುತ್ತವೆ. ಕೈಯಿಂದ ಮೊದಲೇ ಬಣ್ಣ ಬಳಿದ ಕೊಂಡಿಗಳಿದ್ದರೆ ಅವು ಮಾತ್ರ ಮೊಂಡು ಹಿಡಿಯಬಹುದು. ಅದಕ್ಕೇ ಕೈಯಿಂದ ಬಳಿಯಬೇಡಿರಿ ಎಂದದ್ದು. ಅದೇ ಕಿಟಕಿಯ ಕೆಳಭಾಗದಲ್ಲಿ ಎರಡು ಆಯ್ಕೆಗಳಿವೆ: ಈ ಪತ್ರಕ್ಕೆ ಮಾತ್ರ, ಇಲ್ಲವೆ ಇದೇ ಮಾದರಿಯಲ್ಲಿ ಮುಂದೆ ಬರೆಯುವ ಹೊಸ ಪತ್ರಗಳಿಗೂ. ಸಂಘದ ಕಂಪ್ಯೂಟರಿನಲ್ಲಿ ಎರಡನೆಯದನ್ನು ಒತ್ತುವ ಮುಂಚೆ ಕಾರ್ಯದರ್ಶಿಗಳ ಒಪ್ಪಿಗೆ ಕೇಳಿರಿ.

ಎರಡನೆಯ ದಾರಿಯೊಂದಿದೆ. 'ಡಿಸೈನ್' ಪಟ್ಟಿಯಲ್ಲಿ 'ಕಲರ್ಸ್', ಅದರ ಕೊನೆಯಲ್ಲಿ 'ಕಸ್ಟಮೈಸ್ ಕಲರ್ಸ್'. ಅಲ್ಲಿ ಪತ್ರದ ಇಡೀ ಬಣ್ಣಗಳ ಕಟ್ಟಿನಲ್ಲಿ ಕೊಂಡಿಗೆಂದು ಎರಡು ಬಣ್ಣಗಳು ಕೊನೆಗೆ ಕಾಣುತ್ತವೆ. ಅವನ್ನು ಬದಲಿಸಿ ಒಂದು ಹೆಸರಿಟ್ಟು ಉಳಿಸಿದರೆ ಮುಂದೆ ಬೇರೆ ಪತ್ರಕ್ಕೂ ಅದನ್ನೇ ಹಾಕಬಹುದು. ಆದರೆ ಮೊದಲಿನ ದಾರಿಯಲ್ಲಿ ಶೈಲಿಗೆ ಖಾಯಂ ಬಣ್ಣ ಕೊಟ್ಟಿದ್ದರೆ ಈ ಎರಡನೆಯ ದಾರಿಯ ಬದಲಾವಣೆ ಅದಕ್ಕೆ ತಗಲುವುದಿಲ್ಲ. ಎರಡರಲ್ಲಿ ಒಂದನ್ನು ಹಿಡಿಯಿರಿ.

ವರ್ಡ್ ಕೊಳ್ಳಲು ಹಣವಿಲ್ಲದವರಿಗೆ ಲಿಬ್ರೆಆಫೀಸ್ ಇದೆ. ಅದಕ್ಕೆ ಬೆಲೆಯಿಲ್ಲ, ಕಳವು ಮಾಡಿದ ಪ್ರತಿಯೂ ಬೇಕಿಲ್ಲ. ಅದರಲ್ಲಿ ಎಫ್ 11 ಗುಂಡಿ ಒತ್ತಿದರೆ ಶೈಲಿಗಳ ಪಟ್ಟಿ. ಅಕ್ಷರದ ಶೈಲಿಗಳಲ್ಲಿ 'ಇಂಟರ್‌ನೆಟ್ ಲಿಂಕ್', 'ವಿಸಿಟೆಡ್ ಇಂಟರ್‌ನೆಟ್ ಲಿಂಕ್' ಎಂಬ ಎರಡನ್ನು ಹುಡುಕಿ, ಬಲಗುಂಡಿಯಿಂದ ಅವನ್ನು ತಿದ್ದುವ ಕಿಟಕಿ ತೆರೆದು, 'ಫಾಂಟ್ ಇಫೆಕ್ಟ್ಸ್' ಎಂಬಲ್ಲಿ ಬಣ್ಣ ಬದಲಿಸಿದರಾಯಿತು. ಹಂಡೆ ಬೇರೆ, ಉಪ್ಪು ಅದೇ.

ಕೊಂಡಿಯೇ ಬೇಡವೆಂದರೆ? ವಿಳಾಸ ಬರೆದು ಸ್ಪೇಸ್ ಇಲ್ಲವೆ ಎಂಟರ್ ಗುಂಡಿ ಒತ್ತಿದೊಡನೆ ವರ್ಡ್ ತಾನೇ ಅದನ್ನು ನೀಲಿ ಮಾಡುತ್ತದೆ. ಆ ಕ್ಷಣದಲ್ಲೇ ಕಂಟ್ರೋಲ್ ಗುಂಡಿಯೊಡನೆ ಝಡ್ ಒತ್ತಿದರೆ ಅಕ್ಷರ ಉಳಿದು ಕೊಂಡಿ ಕಳಚುತ್ತದೆ. ಇಡೀ ಪತ್ರದ ಕೊಂಡಿಗಳನ್ನು ಕಳಚಲು ಎಲ್ಲವನ್ನೂ ಆರಿಸಿ ಕಂಟ್ರೋಲ್, ಶಿಫ್ಟ್, ಎಫ್ 9 ಮೂರನ್ನೂ ಒಟ್ಟಿಗೆ ಒತ್ತಬೇಕು. ಆದರೆ ಎಚ್ಚರ, ಪರಿವಿಡಿಯಂತೆ ತಾನಾಗಿ ಬದಲಾಗಬೇಕಾದ ಭಾಗಗಳೂ ಅದರಿಂದ ಹೆಪ್ಪುಗಟ್ಟಿಬಿಡುತ್ತವೆ. ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಂಡು ಈ ಕೆಲಸ ಮಾಡಿರಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ಅಡಿಗೆರೆ ಇಂಗ್ಲಿಷಿನವರು ತಮ್ಮ ಅಕ್ಷರಕ್ಕೆ ಹೊಲಿದ ಅಂಗಿ. ಅವರ ಅಕ್ಷರಗಳಲ್ಲಿ ಕೆಲವು ಮಾತ್ರ ಗೆರೆಯ ಕೆಳಗೆ ಇಳಿಯುತ್ತವೆ. ನಮ್ಮಲ್ಲಿ ಒತ್ತಕ್ಷರಗಳೆಲ್ಲ ಕೆಳಗೇ ವಾಸ. 'ವಿದ್ಯಾರ್ಥಿವೇತನ', 'ಅರ್ಜಿಪತ್ರ' ಎಂದು ಬರೆದು ಅಡಿಗೆರೆ ಎಳೆದರೆ ಗೆರೆಯು ಒತ್ತುಗಳ ಮೈಮೇಲೆ ಹಾದುಹೋಗಿ, ಕನ್ನಡಕದ ಕಣ್ಣಿಗೆ ಅಕ್ಷರ ಗುರುತೇ ಸಿಗುವುದಿಲ್ಲ. ಅಂಥಲ್ಲಿ ಶೈಲಿಯಿಂದ ಅಡಿಗೆರೆ ತೆಗೆದು, ದಪ್ಪ ಅಕ್ಷರ ಮಾಡಿರಿ. ಬಣ್ಣವೊಂದನ್ನೇ ನೆಚ್ಚಬೇಡಿರಿ. ಕೆಲವು ಬಣ್ಣಗಳನ್ನು ಬೇರ್ಪಡಿಸಿ ಕಾಣಲಾಗದವರು ನಮ್ಮ ನಡುವೆಯೇ ಇದ್ದಾರೆ, ಅದೂ ಗಂಡಸರಲ್ಲಿ ಹೆಚ್ಚು. ಅವರಿಗೆ ಬಣ್ಣದ ಗುರುತು ಕಾಣದಿದ್ದರೂ ದಪ್ಪ ಅಕ್ಷರದ ಗುರುತು ಕಾಣುತ್ತದೆ. ಕಪ್ಪು ಮಸಿಯಲ್ಲಿ ಅಚ್ಚಾದರೂ ಉಳಿಯುತ್ತದೆ.

ಹುಡುಗನೊಬ್ಬನ ಪ್ರಶ್ನೆ

ಇಲ್ಲಿಗೆ ಪಾಠ ಮುಗಿಯಿತು. ಪಾಠದಿಂದ ನಾನು ಕಲಿತದ್ದನ್ನು ಹೇಳಿ ಮುಗಿಸುತ್ತೇನೆ.

ನಮ್ಮ ತರಗತಿಗೆ ಒಬ್ಬ ಹುಡುಗ ಬರುತ್ತಿದ್ದ. ಹೋಟೆಲೊಂದರಲ್ಲಿ ಸಪ್ಲಾಯರ್. ಅವನ ಅಜ್ಜ ಗಿರಣಿಯ ಸಾಂಚಾ ಖಾತೆಯಲ್ಲಿದ್ದವರು. 1982ರ ಜನವರಿ 18ರಂದು ಆರಂಭವಾದ ಮುಷ್ಕರದ ಬಳಿಕ ಅವರಿಗೆ ಕೆಲಸ ಮತ್ತೆ ಸಿಗಲಿಲ್ಲ. ಅಜ್ಜ ತೀರಿಹೋದರು, ಅಜ್ಜಿ ಇದ್ದಾರೆ. ಗಿರಣಿ ಕಾಮಗಾರರ ಮನೆಗಳಿಗಾಗಿ ಮ್ಹಾಡಾದವರು 2012ರಲ್ಲಿ ಲಾಟರಿ ಎತ್ತಿದಂದಿನಿಂದ ಆ ಅಜ್ಜಿಯ ಕಿವಿ 'ಲಾಟರಿ' ಎಂಬ ಶಬ್ದಕ್ಕೇ ನೆಟ್ಟಿತ್ತು. ನಿಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹೀಗೆಯೇ ಎಂದು ಬಲ್ಲೆ.

ಒಂದು ದಿನ ಹುಡುಗನ ಫೋನಿಗೆ ಪತ್ರವೊಂದು ಬಂತು. ವರ್ಡಿನಲ್ಲಿ ಬರೆದ ಪತ್ರ, ಮೇಲೆ ಸಿಂಹದ ಲಾಂಛನ, ಕೆಳಗೆ ಸಹಿ. ಅಜ್ಜನ ಹೆಸರಿನಲ್ಲಿ ಮನೆ ಬಂದಿದೆ, ಎರಡು ದಿನದೊಳಗೆ ನೋಂದಣಿ ಮಾಡಿರಿ ಎಂದಿತ್ತು. ನಡುವೆ ನೀಲಿ ಅಕ್ಷರದಲ್ಲಿ ಸರಕಾರದ ವಿಳಾಸ. ಅಜ್ಜಿ ದೇವರ ಮುಂದೆ ದೀಪ ಹಚ್ಚಿದರು. ಹುಡುಗ ನೀಲಿ ಅಕ್ಷರವನ್ನು ಒತ್ತಿದ. ತೆರೆದ ಪುಟದಲ್ಲಿ ಕೇಳಿದ್ದನ್ನೆಲ್ಲ ತುಂಬಿದ. ಫೋನಿಗೆ ಬಂದ ಗುಪ್ತ ಸಂಖ್ಯೆಯನ್ನೂ ಕೊಟ್ಟ. ಆ ಸಂಜೆಯೊಳಗೆ ಅವನ ಬ್ಯಾಂಕಿನ ಖಾತೆಯಲ್ಲಿ ಮೂರು ತಿಂಗಳಿಂದ ಕೂಡಿಟ್ಟ ಹಣ ಇರಲಿಲ್ಲ. ನಾಚಿಕೆಯಿಂದ ಎರಡು ದಿನ ಯಾರಿಗೂ ಹೇಳಲಿಲ್ಲ. ಭಾನುವಾರ ತರಗತಿ ಮುಗಿದ ಮೇಲೆ ಒಬ್ಬನೇ ಉಳಿದು ನನ್ನನ್ನು ಕೇಳಿದ:

"ಮಾಸ್ತರೇ, ನೀಲಿ ಅಕ್ಷರ, ಕೆಳಗೆ ಗೆರೆ, ಎಲ್ಲಾ ಸರಿಯಾಗಿಯೇ ಇತ್ತಲ್ಲ? ಮತ್ತೆ ಹೇಗೆ ಸುಳ್ಳಾಯಿತು?"

ನನಗೆ ಉತ್ತರ ಹೇಳಲು ಬಾಯಿ ಬರಲಿಲ್ಲ. ವಾರವಾರ ಬಂದು ಕೊಂಡಿಗೆ ಬಣ್ಣ ಹಾಕುವುದನ್ನು ಕಲಿತಿದ್ದವನು ಅವನು. ಆ ಬಣ್ಣ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ನಾನು ಕಲಿಸಿರಲಿಲ್ಲ.

ಅವನನ್ನು ಕಂಪ್ಯೂಟರಿನ ಮುಂದೆ ಕೂರಿಸಿದೆ. ಕಂಟ್ರೋಲ್ ಮತ್ತು ಕೆ ಗುಂಡಿಗಳನ್ನು ಒತ್ತಿಸಿದೆ. ಕೊಂಡಿ ಮಾಡುವ ಕಿಟಕಿ ತೆರೆಯಿತು. ಮೇಲಿನ ಚೌಕದಲ್ಲಿ ಕಣ್ಣಿಗೆ ಕಾಣಬೇಕಾದ ಅಕ್ಷರ. ಅಲ್ಲಿ 'ಮ್ಹಾಡಾ ಡಾಟ್ ಗವ್ ಡಾಟ್ ಇನ್' ಎಂದು ಬರೆಯಿಸಿದೆ. ಕೆಳಗಿನ ಚೌಕದಲ್ಲಿ ಒಳಗಿನ ವಿಳಾಸ. ಅಲ್ಲಿ ಒಂದು ಹೋಟೆಲಿನ ತಿಂಡಿಪಟ್ಟಿಯ ವಿಳಾಸ ಹಾಕಿಸಿದೆ. ಓಕೆ ಒತ್ತಿದ. ಅಕ್ಷರ ತಾನೇ ನೀಲಿಯಾಯಿತು, ಗೆರೆಯೂ ಬಂತು. ಕಂಟ್ರೋಲ್ ಹಿಡಿದು ಒತ್ತಿದರೆ ಸರಕಾರದ ಹೆಸರಿನಡಿಯಿಂದ ಇಡ್ಲಿ ವಡೆಯ ಪಟ್ಟಿ ಹೊರಬಂತು. ಆಮೇಲೆ ಶೈಲಿಯನ್ನು ತಿದ್ದಿ ಹಸುರು ಮಾಡಿಸಿದೆ, ಕೆಂಪು ಮಾಡಿಸಿದೆ, ಮತ್ತೆ ನೀಲಿಗೆ ತಂದೆ. ಪ್ರತಿ ಸಲವೂ ತೆರೆದದ್ದು ತಿಂಡಿಪಟ್ಟಿಯೇ. ಹುಡುಗ ಬಹಳ ಹೊತ್ತು ಸುಮ್ಮನಿದ್ದು, "ಇಷ್ಟೇನಾ ಮಾಸ್ತರೇ? ಇದು ನನಗೇ ಬರುತ್ತಿತ್ತಲ್ಲ!" ಎಂದ.

ಬಂಧುಗಳೇ, ನಾನಿಂದು ಹೇಳಬೇಕೆಂದಿದ್ದ ಮಾತು ಅದೇ. ಕೊಂಡಿಯ ಬಣ್ಣ ಬರೆದವನ ಕೈಯಲ್ಲಿದೆ. ಅದನ್ನು ಬದಲಿಸುವುದು ನಮ್ಮ ಕೈಯಲ್ಲಿದೆ ಎಂದಾದರೆ ಕಳ್ಳನ ಕೈಯಲ್ಲೂ ಇದೆ. 'ಇಲ್ಲೊಂದು ಬಾಗಿಲಿದೆ' ಎಂದಷ್ಟೇ ನೀಲಿ ಹೇಳುತ್ತದೆ. ಬಾಗಿಲಿನ ಆಚೆ ಯಾರಿದ್ದಾರೆಂದು ಅದು ಹೇಳುವುದಿಲ್ಲ.

ಬಣ್ಣವನ್ನಲ್ಲ, ವಿಳಾಸವನ್ನು ಓದಿರಿ

ಹಾಗಾದರೆ ನಂಬುವುದು ಯಾವುದನ್ನು? ಒಳಗಿನ ವಿಳಾಸವನ್ನು. ವರ್ಡಿನಲ್ಲಿ ಕೊಂಡಿಯ ಮೇಲೆ ಬಾಣವನ್ನು ಒತ್ತದೆ ಸುಮ್ಮನೆ ನಿಲ್ಲಿಸಿದರೆ ಒಂದು ಚಿಕ್ಕ ಚೀಟಿಯಲ್ಲಿ ವಿಳಾಸ ಕಾಣುತ್ತದೆ. ಆದರೆ ಆ ಚೀಟಿಯ ಮಾತನ್ನೂ ಬರೆದವನು ಬದಲಿಸಬಲ್ಲ. ಅದಕ್ಕೂ ವರ್ಡಿನಲ್ಲಿ ಅವಕಾಶವಿದೆ. ಆದುದರಿಂದ ಬಲಗುಂಡಿ ಒತ್ತಿ 'ಎಡಿಟ್ ಹೈಪರ್‌ಲಿಂಕ್' ತೆರೆದು ಕೆಳಗಿನ ಚೌಕದಲ್ಲಿರುವ ನಿಜವಾದ ವಿಳಾಸವನ್ನು ನೋಡಿರಿ. ಫೋನಿನಲ್ಲಾದರೆ ಬಹಳ ಕಡೆ ಕೊಂಡಿಯ ಮೇಲೆ ಬೆರಳನ್ನು ಒತ್ತಿ ಹಿಡಿದರೆ ವಿಳಾಸ ಕಾಣಿಸುತ್ತದೆ.

ಕಂಡ ವಿಳಾಸವನ್ನು ಓದುವ ಕ್ರಮವೂ ಇದೆ. ಆರಂಭದ ಎರಡು ಓರೆಗೆರೆಗಳನ್ನು ಬಿಟ್ಟು, ಆಮೇಲೆ ಮೊದಲು ಬರುವ ಓರೆಗೆರೆಯವರೆಗೆ ಮಾತ್ರ ನೋಡಿರಿ. ಅಲ್ಲಿಂದ ಹಿಂದಕ್ಕೆ, ಬಲದಿಂದ ಎಡಕ್ಕೆ ಓದಿರಿ. ಲಕೋಟೆಯ ಮೇಲೆ ಊರಿನ ಹೆಸರು ಕೊನೆಯ ಸಾಲಿನಲ್ಲಿರುತ್ತದಲ್ಲವೆ? ಹಾಗೆಯೇ ಇಲ್ಲಿಯೂ. ಭವಿಷ್ಯನಿಧಿಯ ಕಚೇರಿಯ ವಿಳಾಸ 'ಇಪಿಎಫ್‌ಇಂಡಿಯಾ ಡಾಟ್ ಗವ್ ಡಾಟ್ ಇನ್'. 'ಗವ್ ಡಾಟ್ ಇನ್' ಎಂಬುದನ್ನು ಸರಕಾರದ ಸಂಸ್ಥೆಗಳಿಗೆ ಮಾತ್ರ ಕೊಡುತ್ತಾರೆ. ಅದು ಕೊನೆಯಲ್ಲಿ ಇರಬೇಕು. ಕಳ್ಳನು ಅದನ್ನು ನಡುವೆ ತುರುಕಿ, 'ಇಪಿಎಫ್‌ಇಂಡಿಯಾ ಡಾಟ್ ಗವ್ ಡಾಟ್ ಇನ್ ಡಾಟ್ ಮತ್ತೇನೋ ಡಾಟ್ ಕಾಮ್' ಎಂದು ಮಾಡುತ್ತಾನೆ. ಅದು 'ಮತ್ತೇನೋ ಡಾಟ್ ಕಾಮ್' ಎಂಬವನ ಮನೆ. ಹಳ್ಳಿಯ ಗುಡಿಸಲಿಗೆ 'ವಿಧಾನಸೌಧ' ಎಂದು ಹೆಸರಿಟ್ಟರೆ ಅಲ್ಲಿ ಮಂತ್ರಿಗಳು ಕೂರುವುದಿಲ್ಲ.

ಎಲ್ಲಕ್ಕಿಂತ ಸುರಕ್ಷಿತವಾದದ್ದು, ಹಣದ ಮಾತು, ಮನೆಯ ಮಾತು, ಭವಿಷ್ಯನಿಧಿಯ ಮಾತು ಬಂದಾಗ ಕೊಂಡಿಯನ್ನು ಒತ್ತದಿರುವುದು. ಸರಿಯಾದ ವಿಳಾಸವನ್ನು ನೀವೇ ಕೈಯಾರೆ ಬರೆದು ಹೋಗಿರಿ. ಗುಪ್ತ ಸಂಖ್ಯೆಯನ್ನು ಯಾರಿಗೂ ಕೊಡಬೇಡಿರಿ. ಫೋನಿನಲ್ಲಿ ಅದನ್ನು ಕೇಳುವುದಿಲ್ಲವೆಂದು ಭವಿಷ್ಯನಿಧಿಯವರೇ ಸಾರಿದ್ದಾರೆ. ಬೇರೆಯವರಿಂದ ಬಂದ ಪತ್ರ ತೆರೆದಾಗ ವರ್ಡಿನ ಮೇಲ್ಭಾಗದಲ್ಲಿ ಹಳದಿ ಪಟ್ಟಿಯೊಂದು ಕಂಡರೆ ಅದನ್ನು ಅವಸರದಿಂದ ಅಳಿಸಬೇಡಿರಿ. ಕೊಂಡಿಯ ನೀಲಿ ಪತ್ರ ಬರೆದವನದು. ಹಾಳೆಯ ಹೊರಗಿರುವ ಆ ಹಳದಿ ವರ್ಡಿನದು. ಹಾಳೆಯ ಒಳಗಿನ ಬಣ್ಣವೆಲ್ಲ ಬರೆದವನ ಮಾತೆಂದು ತಿಳಿಯಿರಿ.

ಮೋಸ ಹೋದಿರೆಂದು ತಿಳಿದೊಡನೆ, ಆ ಗಳಿಗೆಯಲ್ಲೇ, 1930 ಎಂಬ ಸಂಖ್ಯೆಗೆ ಫೋನು ಮಾಡಿರಿ. ಅದು ಇಡೀ ದೇಶಕ್ಕೆ ಒಂದೇ. ಬ್ಯಾಂಕಿಗೂ ಆಗಲೇ ತಿಳಿಸಿರಿ. ಹೊತ್ತು ಕಳೆದಷ್ಟೂ ಹಣ ಕೈಯಿಂದ ಕೈಗೆ ಹೋಗಿ ಹಿಡಿಯುವುದು ಕಷ್ಟ. ಆ ಹುಡುಗ ಕಳೆದುಕೊಂಡದ್ದರಲ್ಲಿ ಅರ್ಧ ಕಳ್ಳನ ಪಾಲು, ಇನ್ನರ್ಧ ನಾಚಿಕೆಯ ಪಾಲು ಎಂದು ನನಗೆ ಇಂದಿಗೂ ಅನಿಸುತ್ತದೆ. ಮೋಸ ಹೋದವನು ನಾಚಬೇಕಾಗಿಲ್ಲ. ಮೋಸ ಮಾಡಿದವನು ನಾಚಬೇಕು. ಸಂಘದ ಬಾಗಿಲು ತೆರೆದೇ ಇದೆ, ಬಂದು ಹೇಳಿರಿ.

ಕಡೆಯದಾಗಿ ಸಂಘಕ್ಕೇ ಒಂದು ವಿಜ್ಞಾಪನೆ. ಇನ್ನು ಮುಂದೆ ನಾವು ಕಳುಹಿಸುವ ಪತ್ರಗಳಲ್ಲಿ, ವರದಿಗಳಲ್ಲಿ 'ಇಲ್ಲಿ ಒತ್ತಿರಿ' ಎಂದು ಬರೆಯುವುದನ್ನು ಬಿಡೋಣ. ವಿಳಾಸವನ್ನು ಪೂರ್ತಿಯಾಗಿ ಬರೆಯೋಣ. ಕಾಣುವ ಅಕ್ಷರವೂ ಒಳಗಿನ ವಿಳಾಸವೂ ಒಂದೇ ಆಗಿರಲಿ. ಬಣ್ಣ ಗಾಢವಾಗಿರಲಿ, ಎಲ್ಲ ಪತ್ರಗಳಲ್ಲಿ ಒಂದೇ ಆಗಿರಲಿ. ಅಚ್ಚಿಗೆ ಹೋಗುವಾಗ ಕಪ್ಪಾಗಿರಲಿ. ನಮ್ಮ ಪತ್ರವನ್ನು ಓದಿ ಓದಿ ನಮ್ಮ ಜನಕ್ಕೆ ವಿಳಾಸ ಓದುವ ಅಭ್ಯಾಸ ಬಿದ್ದರೆ, ನಾಳೆ ಕಳ್ಳನ ಪತ್ರ ಬಂದಾಗ ಅದೇ ಅಭ್ಯಾಸ ಅವರನ್ನು ಕಾಯುತ್ತದೆ.

ಆ ಹುಡುಗ ತರಗತಿ ಬಿಡಲಿಲ್ಲ. ಇಂದು ಈ ಸಭೆಯ ಆಮಂತ್ರಣ ಪತ್ರವನ್ನು ಬರೆದವನು ಅವನೇ. ಅದರಲ್ಲಿ ಒಂದು ಕೊಂಡಿಯಿದೆ. ಗಾಢ ನೀಲಿ, ದಪ್ಪ ಅಕ್ಷರ, ಅಡಿಗೆರೆಯಿಲ್ಲ, ಒತ್ತಕ್ಷರಗಳೆಲ್ಲ ಸ್ವಚ್ಛವಾಗಿ ಕಾಣುತ್ತವೆ. ಕೆಳಗೆ ವಿಳಾಸವನ್ನೂ ಪೂರ್ತಿಯಾಗಿ ಬರೆದಿದ್ದಾನೆ. ನೀವು ಅದನ್ನು ಒತ್ತಬಹುದು. ಒತ್ತುವ ಮುಂಚೆ ಓದಿರಿ.